ಗಾಯ ಮಾಗುವ ಮುನ್ನ ಓಟವೇಕೆ?

ಪೊಲೀಸ್ ಹಾಗೂ ಸೇನಾ ನೇಮಕಾತಿಯ ಪ್ರಕಟಣೆ ಹೊರಬೀಳುತ್ತಲೇ ನಮ್ಮ ಊರುಗಳ ಶಾಲಾ ಮೈದಾನಗಳು ನಸುಕಿನಲ್ಲಿಯೇ ಎಚ್ಚರಗೊಳ್ಳುತ್ತವೆ. ಕಾನ್‌ಸ್ಟೆಬಲ್ ಹುದ್ದೆಯನ್ನು ಬಯಸುವ ಯುವಕನು 1600 ಮೀಟರ್ ದೂರವನ್ನು ಆರೂವರೆ ನಿಮಿಷಗಳೊಳಗೆ ಓಡಿ ಮುಗಿಸಬೇಕು. ಹೊಲಮನೆಯ ಕೆಲಸದ ನಡುವೆಯೂ ಈ ಗುರಿಗಾಗಿ ಬೆವರು ಸುರಿಸುವ ಮಕ್ಕಳನ್ನು ಕಂಡರೆ ನಮಗೆ ಹೆಮ್ಮೆ. ಆದರೆ ಅವರಲ್ಲಿ ಕೆಲವರು ಮೊಣಕಾಲ ಕೆಳಗಿನ ಎಲುಬಿನ ನೋವಿನಿಂದ ಕುಂಟುತ್ತ ಮನೆ ಸೇರುತ್ತಾರೆ. ಎರಡು ವಾರ ಕಳೆಯುವಷ್ಟರಲ್ಲಿ ಅದೇ ಕಾಲಿನಿಂದ ಮೊದಲಿನ ವೇಗಕ್ಕೇ ಓಡತೊಡಗುತ್ತಾರೆ. ಮೊದಲ ಗಾಯಕ್ಕಿಂತ ಈ ಆತುರವೇ ಹೆಚ್ಚು ಹಾನಿಕರವೆಂಬುದು ನಮ್ಮ ಅಭಿಪ್ರಾಯ.

ನೋವು ಅಡಗುವುದು ಬೇರೆ, ಗಾಯ ಮಾಗುವುದು ಬೇರೆ. ವಿಶ್ರಾಂತಿ ಪಡೆದರೆ ನೋವು ಕೆಲವೇ ದಿನಗಳಲ್ಲಿ ತಗ್ಗಬಹುದು. ಆದರೆ ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದರೆ ಅದು ಕೂಡಿಕೊಳ್ಳಲು ಸಾಮಾನ್ಯವಾಗಿ ಆರರಿಂದ ಎಂಟು ವಾರಗಳು ಬೇಕು. ಕೆಲವು ಎಲುಬುಗಳಿಗೆ ಇನ್ನೂ ಹೆಚ್ಚು ಕಾಲ ಬೇಕು. ಮಾಂಸಖಂಡವನ್ನು ಎಲುಬಿಗೆ ಬಿಗಿಯುವ ಸ್ನಾಯುರಜ್ಜುಗಳಿಗೆ ರಕ್ತಸಂಚಾರ ಕಡಿಮೆಯಾದುದರಿಂದ ಅವು ಮಾಗಲು ತಿಂಗಳುಗಳೇ ಹಿಡಿಯಬಹುದು. ಹೃದಯ, ಶ್ವಾಸಕೋಶಗಳು ಹಾಗಲ್ಲ. ಕೆಲವು ವಾರಗಳ ಅಭ್ಯಾಸದಿಂದಲೇ ದಮ್ಮು ಮರಳಿ ಬರುತ್ತದೆ. ಅಪಾಯವಿರುವುದು ಇಲ್ಲಿಯೇ. ಉಸಿರು ಒಪ್ಪಿದರೂ ಎಲುಬು ಒಪ್ಪಿರುವುದಿಲ್ಲ. ಓಡುವಾಗ ಪ್ರತಿ ಹೆಜ್ಜೆಯಲ್ಲಿಯೂ ದೇಹದ ತೂಕದ ಎರಡು ಮೂರು ಪಟ್ಟು ಭಾರ ಒಂದೇ ಕಾಲಿನ ಮೇಲೆ ಬೀಳುತ್ತದೆ. 60 ಕಿಲೋ ತೂಗುವವನ ಕಾಲು 120ರಿಂದ 180 ಕಿಲೋ ಹೊರೆಯನ್ನು ನಿಮಿಷಕ್ಕೆ ಹತ್ತಾರು ಬಾರಿ ತಾಳಬೇಕು. ಹೊಸ ಹೊರೆ ಬಿದ್ದಾಗ ಎಲುಬು ತನ್ನ ಹಳೆಯ ಅಂಶವನ್ನು ಮೊದಲು ಕರಗಿಸಿ, ಆಮೇಲೆ ಹೊಸದನ್ನು ಕಟ್ಟುತ್ತದೆ. ಈ ನಡುವಣ ಅವಧಿಯಲ್ಲಿ ಅತಿಯಾಗಿ ಓಡುವುದೆಂದರೆ ಹಸಿ ಗೋಡೆಯ ಮೇಲೆ ತೊಲೆ ಹೇರಿದಂತೆ.

ಆದುದರಿಂದ ಮರಳುವ ದಾರಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ವೈದ್ಯರ ಒಪ್ಪಿಗೆ ದೊರೆತ ಬಳಿಕ ಮೊದಲು ಅರ್ಧ ಗಂಟೆ ಬಿರುಸಾಗಿ ನಡೆಯಲಿ. ಕೆಲವು ದಿನ ನೋವಿಲ್ಲದೆ ನಡೆದ ಮೇಲೆ ಒಂದು ನಿಮಿಷ ನಿಧಾನ ಓಟ, ಎರಡು ನಿಮಿಷ ನಡಿಗೆ, ಹೀಗೆ ಒಟ್ಟು ಇಪ್ಪತ್ತು ನಿಮಿಷ ಸಾಕು. ಇದನ್ನು ದಿನ ಬಿಟ್ಟು ದಿನ ಮಾತ್ರ ಮಾಡಬೇಕು. ವಾರದಿಂದ ವಾರಕ್ಕೆ ಒಟ್ಟು ಓಟವನ್ನು ಹತ್ತರಲ್ಲಿ ಒಂದು ಪಾಲಿನಷ್ಟು ಹೆಚ್ಚಿಸುವುದು ರೂಢಿಯ ಲೆಕ್ಕ; ಅದು ಕಟ್ಟಳೆಯಲ್ಲ, ಕಾಲು ಒಪ್ಪದಿದ್ದರೆ ಅಲ್ಲಿಯೇ ನಿಲ್ಲಬೇಕು. ಮೊದಲು ದೂರ ಕೂಡಲಿ, ವೇಗ ಆಮೇಲೆ ಬರಲಿ. ಗಡಿಯಾರ ಹಿಡಿದು 1600 ಮೀಟರ್ ಓಡುವುದು ಕೊನೆಯ ಮೆಟ್ಟಿಲು.

ಅತಿಯಾಯಿತೆಂದು ತಿಳಿಯುವುದು ಹೇಗೆ? ಓಡುತ್ತಿರುವಾಗ ನೋವು ಏರುತ್ತ ಹೋದರೆ, ಅಥವಾ ಮರುದಿನ ಬೆಳಿಗ್ಗೆಯೂ ಉಳಿದಿದ್ದರೆ, ಒಂದು ಮೆಟ್ಟಿಲು ಕೆಳಗಿಳಿಯಬೇಕು. ಹಾಸಿಗೆ ಬಿಡುವ ಮುನ್ನ ಎಣಿಸಿದ ನಾಡಿಬಡಿತ ಹಲವು ದಿನ ಎಂದಿಗಿಂತ ಹೆಚ್ಚಿದ್ದರೆ, ನಿದ್ರೆ ಕೆಟ್ಟರೆ, ಹಸಿವು ಕುಂದಿದರೆ, ಸಿಡುಕು ಹೆಚ್ಚಿದರೆ ದೇಹ ಬಳಲಿದೆಯೆಂದೇ ಅರ್ಥ. ಹೆಣ್ಣುಮಕ್ಕಳಲ್ಲಿ ಮುಟ್ಟು ತಪ್ಪುವುದನ್ನು ಎಂದಿಗೂ ಕಡೆಗಣಿಸಬಾರದು. ಪರಿಶ್ರಮಕ್ಕೆ ತಕ್ಕ ಆಹಾರವಿಲ್ಲದಿದ್ದರೂ ಹೀಗಾಗುತ್ತದೆ, ಅದರಿಂದ ಎಲುಬೂ ಸವೆಯುತ್ತದೆ. ಎಲುಬಿನ ಒಂದೇ ಬಿಂದುವಿನಲ್ಲಿ ಒತ್ತಿದರೆ ನೋವು, ರಾತ್ರಿಯ ನೋವು, ಊತ, ಕುಂಟು ಇವುಗಳಿದ್ದರೆ ವೈದ್ಯರನ್ನು ಕಾಣಬೇಕು. ನೋವಿನ ಮಾತ್ರೆ ನುಂಗಿ ಓಡುವುದಂತೂ ಸಲ್ಲದು. ಅದು ದೇಹದ ಎಚ್ಚರಿಕೆಯನ್ನು ಮುಚ್ಚುತ್ತದೆ; ಬೆವರಿ ನೀರು ಕಡಿಮೆಯಾದ ದೇಹದಲ್ಲಿ ಮೂತ್ರಪಿಂಡಕ್ಕೂ ಕೇಡು ತರಬಲ್ಲದು. ರೊಟ್ಟಿ, ಬೇಳೆ, ಮೊಳಕೆಕಾಳು, ಹಾಲು, ಮಜ್ಜಿಗೆ ಹೊಟ್ಟೆ ತುಂಬ ಇರಲಿ. ಉಪವಾಸದ ದಿನ ಓಟಕ್ಕೂ ಬಿಡುವಿರಲಿ.

ಇಷ್ಟನ್ನು ಮಕ್ಕಳಿಗೆ ಹೇಳಿದರೆ ಸಾಲದು, ಹಿರಿಯರೂ ಕೇಳಬೇಕು. ವಯೋಮಿತಿ ಮೀರುತ್ತಿದೆಯೆಂಬ ಚಿಂತೆ ಸುಳ್ಳಲ್ಲ. ಒಂದು ನೇಮಕಾತಿ ತಪ್ಪಿದರೆ ಬಡ ಕುಟುಂಬಕ್ಕಾಗುವ ನಷ್ಟವನ್ನು ನಾವು ಬಲ್ಲೆವು. ಆದರೆ ಅರೆಬರೆ ಮಾಗಿದ ಎಲುಬು ಮತ್ತೆ ಮುರಿದರೆ ಆ ನೇಮಕಾತಿಯೂ ಹೋಗುತ್ತದೆ, ಮುಂದಿನದೂ ಹೋಗಬಹುದು. ವಿಶ್ರಾಂತಿಯಲ್ಲಿರುವ ಮಗನನ್ನು ಮೈಗಳ್ಳನೆಂದು ಮನೆಯವರು ಹಂಗಿಸಬಾರದು. ಗಾಯದಿಂದ ಮರಳಿದವರನ್ನು ತರಬೇತುದಾರರು ಉಳಿದವರ ಸಾಲಿನಲ್ಲಿ ಓಡಿಸದೆ ಪ್ರತ್ಯೇಕವಾಗಿ ಅಭ್ಯಾಸ ಮಾಡಿಸಬೇಕು. ಜೊತೆಗಾರನ ವೇಗವನ್ನು ಕಂಡರೆ ಎಂಥವನಿಗೂ ತನ್ನ ಮಿತಿ ಮರೆತುಹೋಗುತ್ತದೆ.

ಶರಣರು ಕಾಯಕವನ್ನು ಎತ್ತಿ ಹಿಡಿದರು, ದೇಹದಂಡನೆಯನ್ನಲ್ಲ. ದೇಹವನ್ನು ಶಿವನ ಆಲಯವೆಂದು ಕಂಡವರ ಪರಂಪರೆ ನಮ್ಮದು. ಆ ಆಲಯದ ಗೋಡೆ ಬಿರುಕು ಬಿಟ್ಟಾಗ ಅದನ್ನು ದುರಸ್ತಿಗೊಳಿಸುವ ದಿನಗಳೂ ಕಾಯಕದ ದಿನಗಳೇ. ಗಾಯಗೊಂಡ ಪ್ರತಿಯೊಬ್ಬ ತರುಣ ತರುಣಿಯೂ ಈ ದಿನಗಳನ್ನು ನಾಚಿಕೆಯಿಲ್ಲದೆ, ಅವಸರವಿಲ್ಲದೆ ಕಳೆಯುವಂತಾಗಲಿ. ಅದಕ್ಕೆ ಬೇಕಾದ ತಾಳ್ಮೆಯನ್ನು ಸದ್ಭಕ್ತರ ಮನೆಮನೆಗಳೂ ತೋರಲಿ.