ಚಿನ್ನಕ್ಕೆ ಪುಟವಿಡುವವರು

ನನ್ನವರು ತೀರಿಕೊಂಡ ಮೂರನೆಯ ದಿನ ಪ್ರಾರ್ಥನಾಕೂಟದ ಹಿರಿಯರೊಬ್ಬರು ಮನೆಗೆ ಬಂದರು. ಎಂಟು ವರ್ಷದ ಮಗಳೂ ಐದು ವರ್ಷದ ಮಗನೂ ಬಾಗಿಲ ಮರೆಯಲ್ಲಿ ನಿಂತಿದ್ದರು. "ಪುಟಕ್ಕಿಡುವುದು ಚಿನ್ನವನ್ನೇ ಅಲ್ಲವೇ ಟೀಚರ್? ದೇವರು ನಿಮ್ಮನ್ನು ಆರಿಸಿಕೊಂಡಿದ್ದಾನೆ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಾನೂ ತಲೆಯಾಡಿಸಿದೆ. ಆದರೆ ಅಂದು ರಾತ್ರಿ ನಿದ್ದೆ ಹತ್ತಲಿಲ್ಲ. ನನ್ನ ಗುಣ ತಿದ್ದುವುದಕ್ಕಾಗಿ ದೇವರು ಈ ಮಕ್ಕಳ ಅಪ್ಪನನ್ನು ಕರೆದುಕೊಂಡನೇ? ಹಾಗಾದರೆ ಅವರ ಸಾವಿಗೆ ನಾನೇ ಕಾರಣಳಾದೆನಲ್ಲ!

ಪಕ್ಕದ ಮನೆಯ ಅಕ್ಕ ಮಾತ್ರ ಏನೂ ಹೇಳಲಿಲ್ಲ. ಹಿತ್ತಿಲ ಬಾಗಿಲಿನಿಂದ ಬಂದು, ಗಂಜಿ ಕಾಯಿಸಿ ಮಕ್ಕಳಿಗೆ ಉಣಿಸಿ, ರಾಶಿ ಬಿದ್ದಿದ್ದ ಪಾತ್ರೆ ತೊಳೆದಿಟ್ಟು ಹೋದರು.

ಇದಾಗಿ ಇಪ್ಪತ್ತು ವರ್ಷ ಕಳೆಯಿತು. ಕಷ್ಟ ನನಗೆ ಏನೂ ಕಲಿಸಲಿಲ್ಲ ಎಂದರೆ ಸುಳ್ಳಾದೀತು. ಮೊದಲು ಲೆಕ್ಕ ತಪ್ಪಿದ ಮಕ್ಕಳ ಮೇಲೆ ಸಿಡುಕುತ್ತಿದ್ದವಳು, ಆ ಮಗು ಬೆಳಿಗ್ಗೆ ಏನು ತಿಂದು ಬಂದಿದೆ ಎಂದು ಕೇಳುವಷ್ಟು ಬದಲಾದೆ. ಪ್ರಾರ್ಥನೆ ಬಾಯಿಪಾಠವಾಗಿದ್ದದ್ದು ಮಾತುಕತೆಯಾಯಿತು. ಆದರೆ ಇದನ್ನು ಹೇಳುವ ಹಕ್ಕು ನನ್ನದು. ಬೇರೆಯವರು ನನ್ನ ಅಂಗಳಕ್ಕೆ ಬಂದು, ಹೆಣದ ಹೂವು ಬಾಡುವ ಮೊದಲೇ, ಅದನ್ನು ನನಗೆ ಪಾಠ ಮಾಡುವಂತಿಲ್ಲ.

ಕಷ್ಟದಿಂದ ತಾಳ್ಮೆ, ತಾಳ್ಮೆಯಿಂದ ಗುಣ ಎಂಬರ್ಥದ ಮಾತನ್ನು ಪೌಲನು ರೋಮಾಪುರದವರಿಗೆ ಬರೆದ ಪತ್ರದಲ್ಲಿ ಹೇಳಿದ್ದಾನೆ, ನಿಜ. ಹೇಳಿದವನು ಯಾರು? ಫಿಲಿಪ್ಪಿಯಲ್ಲಿ ಛಡಿಯೇಟು ತಿಂದು ಸೆರೆಮನೆ ಸೇರಿದವನು. ಅವನು "ನಾವು" ಎಂದು ಬರೆದ. ನಮ್ಮವರು ಅದನ್ನೇ "ನೀನು" ಎಂದು ಓದುತ್ತಾರೆ.

ಯೋಬನ ಕಥೆಯನ್ನೇ ನೋಡಿ. ಮೂವರು ಗೆಳೆಯರು ಏಳು ದಿನ ಅವನೊಂದಿಗೆ ನೆಲದ ಮೇಲೆ ಸುಮ್ಮನೆ ಕುಳಿತರು. ಅಷ್ಟಕ್ಕೇ ಎದ್ದು ಹೋಗಿದ್ದರೆ ಎಷ್ಟು ಚೆನ್ನಾಗಿತ್ತು! ಬಾಯಿ ತೆರೆದರು, ದೇವರ ಶಿಕ್ಷೆಯನ್ನು ತಿರಸ್ಕರಿಸಬೇಡ ಎಂದು ಬುದ್ಧಿ ಹೇಳಿದರು. ಕೊನೆಗೆ ದೇವರು ಸಿಟ್ಟಾದದ್ದು ಆ ಗೆಳೆಯರ ಮೇಲೆ. ಅವರಿಗಾಗಿ ಪ್ರಾರ್ಥಿಸಬೇಕಾದವನು ದೇವರೊಡನೆ ಜಗಳವಾಡಿದ ಯೋಬನೇ.

ಹಳೆಯದನ್ನು ನಾನೀಗ ಕೆದಕುವುದಕ್ಕೆ ಕಾರಣವಿದೆ. ಹೋದ ವರ್ಷ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಳು. ಕಣ್ಣಿನ ಕೆಳಗೆ ನೀಲಿ ಕಟ್ಟಿತ್ತು. ಗಂಡ ಕುಡಿದು ಹೊಡೆಯುತ್ತಾನೆ. ಹಿರಿಯರಲ್ಲಿ ಹೇಳಿಕೊಂಡರೆ "ನಿನ್ನ ಶಿಲುಬೆಯನ್ನು ನೀನು ಹೊರಬೇಕಮ್ಮಾ" ಎಂಬ ಉತ್ತರ ಸಿಕ್ಕಿತಂತೆ. ನನಗೆ ಮೈ ಉರಿಯಿತು. ಯೇಸುಸ್ವಾಮಿ ತಾನಾಗಿ ಒಪ್ಪಿ ಹೊತ್ತದ್ದು ಶಿಲುಬೆ. ಗಂಡನ ಪೆಟ್ಟು ಅಪರಾಧ; ಅದನ್ನು ತಡೆಯಲು 2005ರಲ್ಲೇ ಕಾನೂನು ಬಂದಿದೆ. ಗಂಡಸರ ತಪ್ಪಿಗೆ ದೇವರ ಹೆಸರಿನ ಮುಸುಕು ಹೊದಿಸುವುದು ಭಕ್ತಿಯೇ? ಹೀಗೆ ಸಹಿಸಿಕೊಂಡವಳನ್ನು "ಎಂಥ ತಾಳ್ಮೆಯ ಹೆಂಗಸು" ಎಂದು ಹೊಗಳುವ ನಾವು ಹೆಂಗಸರೂ ಇದರಲ್ಲಿ ಪಾಲುದಾರರು.

ಕಾರ್ಕಳದ ಬಳಿಯ ಮಾಳದಲ್ಲಿ ಬೇರಿದ್ದ ಪಂಡಿತಾ ರಮಾಬಾಯಿಯವರು ನೆನಪಾಗುತ್ತಾರೆ. ಹರೆಯದಲ್ಲೇ ಕ್ಷಾಮಕ್ಕೆ ತಂದೆತಾಯಿಯನ್ನು ಕಳೆದುಕೊಂಡವರು, 1882ರಲ್ಲಿ ಗಂಡನನ್ನೂ. ಮರುವರ್ಷ ಇಂಗ್ಲೆಂಡಿನಲ್ಲಿ ಕ್ರೈಸ್ತರಾದರು. 1897ರ ಸುಮಾರಿಗೆ ಮತ್ತೆ ಬರ ಬಿದ್ದಾಗ, ಹಸಿವು ನಿಮಗೆ ಒಳ್ಳೆಯದನ್ನೇ ಕಲಿಸುತ್ತದೆ ಎಂದು ಬೋಧಿಸುವ ಅಧಿಕಾರ ಯಾರಿಗಾದರೂ ಇದ್ದರೆ ಅದು ಅವರಿಗಿತ್ತು. ಅವರು ಮಧ್ಯಪ್ರಾಂತ್ಯಕ್ಕೆ ಹೋಗಿ ನೂರಾರು ಹುಡುಗಿಯರನ್ನು ಪುಣೆಯ ಕಡೆಯ ಕೇಡಗಾಂವಕ್ಕೆ ಕರೆತಂದು ಅನ್ನ ಹಾಕಿದರು. ಅಕ್ಷರ ಕಲಿಸಿದರು, ಕೈಗೊಂದು ಕಸುಬು ಕೊಟ್ಟರು. ತಾವು ಉಂಡ ಕಷ್ಟವನ್ನು ಇನ್ನೊಬ್ಬರಿಗೆ ಬಡಿಸಲಿಲ್ಲ. ಆತ್ಮದ ಬೆಳವಣಿಗೆ ಎಂದರೆ ಇದೇ ಎಂದು ನನ್ನ ನಂಬಿಕೆ.

"ಹಾಗಾದರೆ ದುಃಖದಲ್ಲಿರುವವರಿಗೆ ಏನು ಹೇಳಬೇಕು ಟೀಚರ್?" ಎಂದು ಕೇಳುತ್ತೀರಿ. ಲಾಜರನ ಸಮಾಧಿಯ ಬಳಿ ಸ್ವಾಮಿಯೇ ಅತ್ತನಲ್ಲ, ನಾವೂ ಅಳೋಣ. ಆ ಹುಡುಗಿಯನ್ನು ಎರಡು ವಾರ ನನ್ನ ಮನೆಯಲ್ಲಿಟ್ಟುಕೊಂಡು, ವಕೀಲರ ಹತ್ತಿರ ನಾನೇ ಕರೆದುಕೊಂಡು ಹೋದೆ. ಈಗ ಅವಳು ಒಂದು ಹೊಲಿಗೆ ಅಂಗಡಿಯಲ್ಲಿ ದುಡಿಯುತ್ತಾಳೆ. ತನ್ನ ಕಷ್ಟದಿಂದ ಏನು ಕಲಿತಳೋ ನಾನು ಕೇಳಿಲ್ಲ. ಹೇಳಬೇಕೆನಿಸಿದ ದಿನ ಅವಳೇ ಹೇಳಲಿ.