ದಾರಿಗೆ ಹೋದ ಹೊಲ, ಗಾಳಿಗೆ ಕೊಟ್ಟ ಹೊಲ

ಹುಬ್ಬಳ್ಳಿಯಿಂದ ಗದಗ, ಕೊಪ್ಪಳಗಳ ಮಾರ್ಗವಾಗಿ ಹೊಸಪೇಟೆಯ ಕಡೆಗೆ ಪ್ರಯಾಣ ಮಾಡುವವರಿಗೆ ಇಂದು ಎರಡು ದೃಶ್ಯಗಳು ಒಟ್ಟಿಗೇ ಕಾಣುತ್ತವೆ. ಒಂದು, ಎರೆಭೂಮಿಯನ್ನು ಸೀಳಿಕೊಂಡು ಹೋಗಿರುವ ಹೆದ್ದಾರಿ; ಇನ್ನೊಂದು, ಕಡಲೆ, ಜೋಳ, ಮೆಣಸಿನಕಾಯಿಯ ಹೊಲಗಳ ನಡುವೆ ನಿಂತು ರೆಕ್ಕೆ ತಿರುಗಿಸುತ್ತಿರುವ ಗಾಳಿಯಂತ್ರಗಳ ಸಾಲು. ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಚಿತ್ರದುರ್ಗವನ್ನು ಸಮೀಪಿಸುವವರಿಗೂ ಗುಡ್ಡಗಳ ನೆತ್ತಿಯ ಮೇಲೆ ಇದೇ ನೋಟ. ನಾವು ಮಠದಲ್ಲಿ ವ್ಯಾಸಂಗ ಮಾಡುತ್ತಿದ್ದ ಕಾಲದಲ್ಲಿ ಈ ಬಯಲುಸೀಮೆಯಲ್ಲಿ ಎತ್ತರವಾದುದೆಂದರೆ ಗುಡಿಯ ಶಿಖರ, ಇಲ್ಲವೇ ಊರ ಮುಂದಿನ ಬೇವಿನ ಮರ.

ಈ ಬದಲಾವಣೆ ಒಂದೇ ದಿನದಲ್ಲಿ ಆದುದಲ್ಲ. ಸುವರ್ಣ ಚತುಷ್ಪಥ ಯೋಜನೆ 1999ರಲ್ಲಿ ಆರಂಭವಾಗಿ, ಬೆಳಗಾವಿ, ಧಾರವಾಡ, ಹಾವೇರಿ, ದಾವಣಗೆರೆ, ಚಿತ್ರದುರ್ಗ, ತುಮಕೂರುಗಳನ್ನು ಹಾಯ್ದು ಹೋಗುವ ಹಳೆಯ ರಸ್ತೆ ಅಗಲವಾಯಿತು. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ಮೊದಲು ಎದ್ದುದು 1990ರ ದಶಕದಲ್ಲಿ. ನವೀಕರಿಸಬಹುದಾದ ಇಂಧನಕ್ಕೆಂದೇ ರಾಜ್ಯ ಸರಕಾರವು ಪ್ರತ್ಯೇಕ ನಿಗಮವನ್ನು ಸ್ಥಾಪಿಸಿದುದು 1996ರಲ್ಲಿ. ಅಂದು ಗುಡ್ಡದ ಮೇಲಿದ್ದ ಯಂತ್ರ ಇಂದು ಕೆಳಗಿಳಿದು ರೈತನ ಹೊಲಕ್ಕೆ ಬಂದಿದೆ.

ದಾರಿಯೂ ಬೇಕು, ವಿದ್ಯುತ್ತೂ ಬೇಕು. ಇದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಹೊಲದ ಒಡೆಯನ ದೃಷ್ಟಿಯಿಂದ ನೋಡಿದರೆ ಇವೆರಡೂ ಒಂದೇ ಬಗೆಯ ಬೇಡಿಕೆಗಳಲ್ಲ. ಹೆದ್ದಾರಿಗೆ ಬೇಕಾದ ಭೂಮಿಯನ್ನು ಸರಕಾರ ಕಾನೂನಿನ ಬಲದಿಂದ ತೆಗೆದುಕೊಳ್ಳುತ್ತದೆ. ಅಲ್ಲಿ ಒಲ್ಲೆನೆಂಬ ಮಾತು ನಡೆಯುವುದು ಬಹು ಅಪರೂಪ, ಆದರೆ ನ್ಯಾಯವಾದ ಬೆಲೆ ಕೇಳುವ ಹಕ್ಕು ಪೂರ್ಣವಾಗಿ ಉಂಟು. ಗಾಳಿಯಂತ್ರಕ್ಕೆಂದು ಖಾಸಗಿ ಕಂಪನಿಯವರು ಬಂದಾಗ ಸಾಮಾನ್ಯವಾಗಿ ಸಂಗತಿ ಇದಕ್ಕೆ ವಿರುದ್ಧ. ಅಲ್ಲಿ ಒಲ್ಲೆನೆನ್ನುವ ಸ್ವಾತಂತ್ರ್ಯ ರೈತನಿಗಿದೆ. ಆದ್ದರಿಂದಲೇ ಕರಾರು ಹೇಗಿರಬೇಕೆಂದು ಹೇಳುವ ಶಕ್ತಿಯೂ ಅವನ ಕೈಯಲ್ಲಿದೆ. ನಮ್ಮ ಹಳ್ಳಿಗಳಲ್ಲಿ ನಡೆಯುತ್ತಿರುವುದನ್ನು ನೋಡಿದರೆ ಇದು ತಿರುವುಮುರುವಾಗಿದೆ. ತಡೆಯಲಾಗದ ರಸ್ತೆಯ ಮುಂದೆ ಧರಣಿ ಕುಳಿತು ಬೆಲೆಯ ಲೆಕ್ಕವನ್ನು ಮರೆಯುತ್ತಾರೆ. ನಿರಾಕರಿಸಬಹುದಾದ ಕರಾರಿಗೆ ಓದದೆ ಸಹಿ ಹಾಕುತ್ತಾರೆ.

ಮೊದಲು ದಾರಿಯ ಮಾತು. 1956ರ ರಾಷ್ಟ್ರೀಯ ಹೆದ್ದಾರಿ ಕಾಯಿದೆಗೆ 1997ರಲ್ಲಿ ತಿದ್ದುಪಡಿಯಾಗಿ ಭೂಸ್ವಾಧೀನದ ಕ್ರಮವನ್ನು ಅದರಲ್ಲಿಯೇ ಸೇರಿಸಲಾಯಿತು. ಭೂಮಿ ಬೇಕೆಂಬ ಅಧಿಸೂಚನೆ ರಾಜ್ಯಪತ್ರದಲ್ಲಿ ಪ್ರಕಟವಾದ ದಿನದಿಂದ 21 ದಿನಗಳೊಳಗೆ ಆಕ್ಷೇಪಣೆ ಸಲ್ಲಿಸಬೇಕು. ಅದರ ಸಾರಾಂಶ ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಬರಬೇಕು, ಅವುಗಳಲ್ಲಿ ಒಂದು ದೇಶಭಾಷೆಯದಾಗಿರಬೇಕು ಎಂದು ಕಾಯಿದೆ ಹೇಳುತ್ತದೆ. ಸರ್ವೆ ನಂಬರುಗಳು ತುಂಬಿದ ಆ ಜಾಹೀರಾತನ್ನು ಓದುವವರು ಎಷ್ಟು ಮಂದಿ? 21 ದಿನಗಳು ಕಳೆದು, ಎರಡನೆಯ ಘೋಷಣೆ ಹೊರಬಿದ್ದೊಡನೆ ಭೂಮಿ ಕೇಂದ್ರ ಸರಕಾರಕ್ಕೆ ಸೇರುತ್ತದೆ. ಅನಂತರ ಉಳಿಯುವುದು ಹಣದ ಪ್ರಶ್ನೆ ಮಾತ್ರ.

ಈ ಹಣದ ವಿಷಯದಲ್ಲಿ ಹಿಂದೆ ದೊಡ್ಡ ಅನ್ಯಾಯವಿತ್ತು. ಬೇರೆ ಕಾಮಗಾರಿಗಳಿಗೆ ಭೂಮಿ ಕೊಟ್ಟವರಿಗೆ ದೊರೆಯುತ್ತಿದ್ದ ಸೋಲೇಷಿಯಂ, ಅಂದರೆ ಬಲವಂತದ ಸ್ವಾಧೀನಕ್ಕಾಗಿ ಕೊಡುವ ಸಾಂತ್ವನ ಹಣ, ಹೆದ್ದಾರಿಗೆ ಭೂಮಿ ಕಳೆದುಕೊಂಡವರಿಗೆ ಇರಲಿಲ್ಲ. 2013ರ ಭೂಸ್ವಾಧೀನ ಕಾಯಿದೆಯ ಪರಿಹಾರ ಕ್ರಮವು 2015ರಿಂದ ಹೆದ್ದಾರಿಗಳಿಗೂ ಅನ್ವಯವಾಗಿ ಈ ಭೇದ ಮುಂದಿನವರಿಗೆ ತೊಲಗಿತು. ಅದಕ್ಕೂ ಹಿಂದಿನವರ ಗತಿ? 2019ರಲ್ಲಿ ತರ್ಸೇಮ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಅವರಿಗೂ ಸೋಲೇಷಿಯಂ ಮತ್ತು ಬಡ್ಡಿ ಸಲ್ಲಬೇಕೆಂದಿತು. ಈ ತೀರ್ಪು ಮುಂದಿನ ಪ್ರಕರಣಗಳಿಗೆ ಮಾತ್ರ ಸೀಮಿತವಾಗಲೆಂಬ ಹೆದ್ದಾರಿ ಪ್ರಾಧಿಕಾರದ ಬೇಡಿಕೆಯನ್ನು 2025ರ ಫೆಬ್ರುವರಿಯಲ್ಲಿ ಅದೇ ನ್ಯಾಯಾಲಯ ಒಪ್ಪಲಿಲ್ಲ. ಆದರೆ ಅಂತಿಮವಾಗಿ ಮುಗಿದುಹೋದ ವ್ಯಾಜ್ಯಗಳನ್ನು ಮತ್ತೆ ತೆರೆಯಬೇಕೆಂದೂ ಹೇಳಲಿಲ್ಲ. 1997ರಿಂದ 2014ರವರೆಗೆ ಹೆದ್ದಾರಿಗೆ ಹೊಲ ಹೋದ ಕುಟುಂಬಗಳು ತಮ್ಮ ಹಳೆಯ ಕಾಗದಗಳನ್ನು ಒಮ್ಮೆ ಒಳ್ಳೆಯ ವಕೀಲರಿಗೆ ತೋರಿಸುವುದು ಉಚಿತ.

ಈಗಿನ ಲೆಕ್ಕ ಹೀಗೆ. ಎಕರೆಗೆ ಮಾರುಕಟ್ಟೆ ಬೆಲೆ 10 ಲಕ್ಷ ರೂಪಾಯಿ ಎಂದು ನಿಗದಿಯಾಯಿತೆನ್ನಿ. ಗ್ರಾಮೀಣ ಪ್ರದೇಶದಲ್ಲಿ ಅದನ್ನು 1ರಿಂದ 2ರವರೆಗಿನ ಒಂದು ಅಂಕಿಯಿಂದ ಗುಣಿಸುತ್ತಾರೆ. ಒಂದೂವರೆ ಎಂದಿಟ್ಟುಕೊಂಡರೆ 15 ಲಕ್ಷವಾಯಿತು. ಬಾವಿ, ಮರಗಳ ಬೆಲೆ 1 ಲಕ್ಷ ಸೇರಿ 16 ಲಕ್ಷ. ಅದಕ್ಕೆ ನೂರಕ್ಕೆ ನೂರರಷ್ಟು ಸೋಲೇಷಿಯಂ ಕೂಡಿಸಿದರೆ 32 ಲಕ್ಷ. ಇದಲ್ಲದೆ ಅಧಿಸೂಚನೆಯಿಂದ ಐತೀರ್ಪಿನವರೆಗೆ ಮಾರುಕಟ್ಟೆ ಬೆಲೆಯ ಮೇಲೆ ವರ್ಷಕ್ಕೆ ಶೇಕಡಾ 12. ಕೇಳಲು ಉದಾರವಾಗಿಯೇ ಇದೆ. ಆದರೆ ಮೂಲದ ಆ 10 ಲಕ್ಷ ಎಲ್ಲಿಂದ ಬರುತ್ತದೆಂಬುದನ್ನು ನೋಡಬೇಕು. ಸರಕಾರದ ಮಾರ್ಗಸೂಚಿ ದರ, ಹಿಂದಿನ ಮೂರು ವರ್ಷಗಳಲ್ಲಿ ಸುತ್ತಮುತ್ತ ನೋಂದಣಿಯಾದ ಖರೀದಿಪತ್ರಗಳಲ್ಲಿ ಹೆಚ್ಚು ಬೆಲೆ ತೋರಿಸಿದ ಅರ್ಧದಷ್ಟು ಪತ್ರಗಳ ಸರಾಸರಿ, ಇವುಗಳಲ್ಲಿ ಯಾವುದು ಹೆಚ್ಚೋ ಅದನ್ನು ಹಿಡಿಯುತ್ತಾರೆ. ನಮ್ಮಲ್ಲಿ ಹೊಲ ಕೊಂಡವರು ಮಾಡುವುದೇನು? 20 ಲಕ್ಷ ಕೊಟ್ಟು, ಮುದ್ರಾಂಕ ಶುಲ್ಕ ಉಳಿಸಲು ಕಾಗದದಲ್ಲಿ 6 ಲಕ್ಷವೆಂದು ಬರೆಸುವುದು. ಆ ಸುಳ್ಳು ಪತ್ರವೇ ನಾಳೆ ಪಕ್ಕದ ಹೊಲದವನ ಪರಿಹಾರವನ್ನು ಅಳೆಯುವ ಕೋಲಾಗುತ್ತದೆ. ಸರಕಾರ ಕಡಿಮೆ ಕೊಟ್ಟಿತೆಂದು ದೂರುವ ಊರು, ತನ್ನ ಕೈಬರಹವನ್ನು ತಾನೇ ಓದಿಕೊಳ್ಳುವುದು ಮೇಲು.

ಇನ್ನೊಂದು ಸಂಗತಿಯನ್ನು ಬಹಳ ಮಂದಿ ಬಲ್ಲವರಲ್ಲ. ರಸ್ತೆ ನಡುವೆ ಹಾಯ್ದು ಹೊಲ ಎರಡು ತುಂಡಾದರೆ ಆ ತುಂಡಾದ ನಷ್ಟಕ್ಕೂ, ಉಳಿದ ಆಸ್ತಿಗೆ ಅಥವಾ ಗಳಿಕೆಗೆ ಆದ ಹಾನಿಗೂ, ಮನೆ ಅಂಗಡಿ ಬದಲಿಸುವ ಖರ್ಚಿಗೂ ಪ್ರತ್ಯೇಕ ಲೆಕ್ಕ ಹಾಕಬೇಕೆಂದು ಹೆದ್ದಾರಿ ಕಾಯಿದೆಯಲ್ಲಿಯೇ ಇದೆ. ಐದು ಎಕರೆ ಹೊಲದಲ್ಲಿ ಒಂದು ಎಕರೆ ಹೋಗಿ, ಎರಡು ಎಕರೆ ಈಚೆಗೆ, ಎರಡು ಎಕರೆ ಆಚೆಗೆ ಉಳಿದು, ಬಾವಿ ಮಾತ್ರ ಈಚೆಗೇ ನಿಂತಿತೆನ್ನಿ. ಆಚೆಯ ತುಂಡಿಗೆ ನೀರು ಹಾಯಿಸುವುದು ಹೇಗೆ? ಎತ್ತಿನ ಗಾಡಿ ಕೆಳಸೇತುವೆ ಹುಡುಕಿಕೊಂಡು ಹರದಾರಿ ಸುತ್ತಬೇಕು. ಕಳೆದ ಒಂದು ಎಕರೆಗೆ ಹಣ ಬಂದಿರುತ್ತದೆ. ಕುಂಟಾದ ಎರಡು ಎಕರೆಗಾಗಿ ಅರ್ಜಿಯನ್ನೇ ಕೊಟ್ಟಿರುವುದಿಲ್ಲ. ಕೆಳಸೇತುವೆ, ಕಾಲುವೆಯ ಕೊಳವೆ ಎಲ್ಲಿರಬೇಕೆಂಬುದನ್ನು ಊರವರೆಲ್ಲ ಸೇರಿ ಲಿಖಿತವಾಗಿ ಕೇಳಬೇಕಾದ ಕಾಲವೂ ಕೆಲಸ ಆರಂಭವಾಗುವ ಮೊದಲು. ಪರಿಹಾರ ಕಡಿಮೆಯೆನಿಸಿದರೆ ಮಧ್ಯಸ್ಥಗಾರರ ಮುಂದೆ ಹೋಗುವ ಅವಕಾಶವೂ ಇದೆ. ಹಣ ಪಡೆಯುವಾಗ ಆಕ್ಷೇಪಣೆಯೊಡನೆ ಸ್ವೀಕರಿಸಿದ್ದೇವೆಂದು ಬರೆದುಕೊಡುವುದು ಲೇಸು.

ಇಷ್ಟೆಲ್ಲ ಆದ ಮೇಲೂ ಹಣ ಮನೆಗೆ ಬಾರದಿರುವುದಕ್ಕೆ ಕಾರಣ ಅನೇಕ ವೇಳೆ ಮನೆಯೊಳಗೇ ಇರುತ್ತದೆ. ಪಹಣಿಯಲ್ಲಿ ಇನ್ನೂ ತೀರಿಹೋದ ಅಜ್ಜನ ಹೆಸರು. ವಾರಸಾ ಆಗಿಲ್ಲ, ಪೋಡಿ ಆಗಿಲ್ಲ. ಬಾಯಿಮಾತಿನಲ್ಲಿ ಹಂಚಿಕೊಂಡು ಮೂವತ್ತು ವರ್ಷ ಉತ್ತ ಅಣ್ಣತಮ್ಮಂದಿರು, ರಸ್ತೆ ಹೋದ ಪಾಲು ಯಾರದೆಂದು ಒಂದೇ ದಿನದಲ್ಲಿ ವೈರಿಗಳಾಗುತ್ತಾರೆ. ಹಂಚಿಕೆಯ ತಂಟೆ ಬಂದರೆ ಅಧಿಕಾರಿಯು ಅದನ್ನು ಪ್ರಧಾನ ಸಿವಿಲ್ ನ್ಯಾಯಾಲಯಕ್ಕೆ ಒಪ್ಪಿಸುವುದು ಕಾಯಿದೆಯ ಕ್ರಮ. ಹೊಲ ಹೋಗಿರುತ್ತದೆ, ಹಣ ಕೋರ್ಟಿನಲ್ಲಿರುತ್ತದೆ, ಮುದುಕಿಯಾದ ತಾಯಿಯ ಔಷಧಿಗೆ ಸಾಲ ಮಾಡಬೇಕಾಗುತ್ತದೆ.

ಹೆಣ್ಣುಮಕ್ಕಳ ಪಾಲಿನ ಮಾತನ್ನೂ ಇಲ್ಲಿ ಮುಚ್ಚುಮರೆಯಿಲ್ಲದೆ ಹೇಳಬೇಕು. 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಸೀರೆ ಕುಪ್ಪಸ ಕೊಟ್ಟು ಸಹಿ ಮಾಡಿಸಿಕೊಳ್ಳುವ ಪದ್ಧತಿಯನ್ನು ನಾವು ಒಪ್ಪುವುದಿಲ್ಲ. ಹಣ ಬರುವ ಮೊದಲೇ ಅಕ್ಕತಂಗಿಯರನ್ನು ಕರೆದು, ಹಿರಿಯರ ಸಮಕ್ಷಮದಲ್ಲಿ ಇಷ್ಟು ನಿನಗೆ ಎಂದು ಹೇಳಿ ಕಾಗದ ಮಾಡಿಕೊಂಡ ಮನೆಗಳು ಕೋರ್ಟಿನ ಮೆಟ್ಟಿಲು ಹತ್ತಿದುದನ್ನು ನಾವು ಕಂಡಿಲ್ಲ.

ಇನ್ನು ಗಾಳಿಯ ಮಾತು. ಕಳೆದ ವರ್ಷ ಗದಗ ಸೀಮೆಯ ರೈತರೊಬ್ಬರು ತಮ್ಮ ತಾಯಿಯನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದಿದ್ದರು. ಕೈಯಲ್ಲಿ ಒಂದು ದಪ್ಪ ಒಪ್ಪಂದ. “ಗುರುಗಳ, ಓದಾಕ ಬರೂದಿಲ್ಲಂತ ಅಲ್ರಿ, ಎಲ್ಲಾ ಇಂಗ್ಲಿಷಿನ್ಯಾಗ ಐತಿ” ಎಂದರು. ಸಹಿ ಆಗಲೇ ಆಗಿತ್ತು. ನಮ್ಮ ಪರಿಚಯದ ತರುಣ ವಕೀಲರು ಓದಿ ಅರ್ಥ ಹೇಳಿದರು. ಅವಧಿ ಮೂವತ್ತು ವರ್ಷ. ಮುಗಿದ ಮೇಲೆ ಮುಂದುವರಿಸುವ ಇಚ್ಛೆ ಕಂಪನಿಯದು. ಬಾಡಿಗೆ ಮೊದಲ ವರ್ಷ ಎಷ್ಟೋ ಕೊನೆಯ ವರ್ಷವೂ ಅಷ್ಟೇ. ಒಪ್ಪಂದವನ್ನು ಬೇರೆಯವರಿಗೆ ವರ್ಗಾಯಿಸುವ ಅಧಿಕಾರ ಕಂಪನಿಗುಂಟು, ರೈತನನ್ನು ಕೇಳಬೇಕಾಗಿಲ್ಲ. ಯಂತ್ರ ನಿಲ್ಲುವ ಜಾಗವಲ್ಲದೆ ಹೊಲದ ಯಾವ ಭಾಗದಲ್ಲಿಯಾದರೂ ದಾರಿ ಮಾಡಬಹುದು, ತಂತಿ ಹೂಳಬಹುದು. ಆ ತಾಯಿ ಎಲ್ಲವನ್ನೂ ಕೇಳಿ, “ಹಂಗಾರ ಹೊಲ ನಮ್ಮ ಮೊಮ್ಮಕ್ಕಳ ಕಾಲಕ್ಕ ಬರತೈತೇನ್ರಿ?” ಎಂದರು. ವಕೀಲರು ಉತ್ತರ ಕೊಡಲಿಲ್ಲ.

ಮಧ್ಯೆ ನಿಂತು ಈ ವ್ಯವಹಾರ ಕುದುರಿಸಿದವನು ಅದೇ ಊರಿನ ದಲ್ಲಾಳಿ. ಕಂಪನಿಯ ಪ್ರತಿನಿಧಿಯನ್ನು ಆ ರೈತರು ಕಂಡೇ ಇರಲಿಲ್ಲ. ಇಂಥವರ ಕೈಗೆ ಮುಖತ್ಯಾರಪತ್ರ ಬರೆದುಕೊಟ್ಟ ಮೇಲೆ ಹೊಲ ಭೋಗ್ಯಕ್ಕೆ ಹೋಯಿತೋ ಮಾರಾಟವಾಯಿತೋ ತಿಳಿಯುವುದು ತಡವಾಗಿ. 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರಿಗೂ ಕೃಷಿಭೂಮಿ ಕೊಳ್ಳುವ ದಾರಿ ತೆರೆದಿರುವುದರಿಂದ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಒಂದು ವರ್ಷಕ್ಕೆ ಮೀರಿದ ಭೋಗ್ಯವೆಲ್ಲ ನೋಂದಣಿಯಾಗಲೇಬೇಕು; ನೋಂದಣಿಗೆ ಮೊದಲು ಕನ್ನಡದ ಪ್ರತಿ ಕೇಳುವುದರಲ್ಲಿ ಸಂಕೋಚವೇಕೆ? ನಮ್ಮ ಹೊಲ, ನಮ್ಮ ಭಾಷೆ. ಕೊಡದಿದ್ದರೆ ಸಹಿ ಇಲ್ಲವೆನ್ನಲು ಯಾವ ಕಾನೂನೂ ಅಡ್ಡಬರುವುದಿಲ್ಲ.

ಕರಾರಿನಲ್ಲಿ ಬರೆಸಬೇಕಾದುದು ಹಲವುಂಟು. ಆದರೆ ಹೊಲವನ್ನು ಬಲ್ಲವನಿಗೆ ಮಾತ್ರ ತೋಚುವ ಕೆಲವನ್ನು ಹೇಳುತ್ತೇವೆ. ಈಗಿನ ಯಂತ್ರದ ಒಂದೊಂದು ರೆಕ್ಕೆಯೂ ಅರವತ್ತು ಎಪ್ಪತ್ತು ಮೀಟರು ಉದ್ದ. ಅದನ್ನು ತರುವ ವಾಹನ, ಎತ್ತುವ ಕ್ರೇನು ಎರೆಭೂಮಿಯ ಮೇಲೆ ಹಾಯ್ದರೆ ಮಣ್ಣು ಕಲ್ಲಿನಂತೆ ಬಿಗಿಯುತ್ತದೆ, ಕುಂಟೆ ಇಳಿಯದು. ಬದು ಒಡೆದು ದಾರಿ ಮಾಡಿದರೆ ಮುಂಗಾರಿನ ನೀರು ಹೊಸ ಹಾದಿ ಹಿಡಿದು ಕೆಳಗಿನವರ ಹೊಲದ ಮೇಲ್ಮಣ್ಣನ್ನು ಕೊಚ್ಚುತ್ತದೆ. ಆದ್ದರಿಂದ ದಾರಿಯ ಅಗಲ ಎಷ್ಟು, ಒಡೆದ ಬದುವನ್ನು ಯಾರು ಯಾವಾಗ ಕಟ್ಟಬೇಕು, ಬೆಳೆ ನಿಂತಾಗ ವಾಹನ ಬಂದರೆ ಎಷ್ಟು ಕೊಡಬೇಕು, ಇವು ನಕ್ಷೆಯ ಸಹಿತ ಕಾಗದದಲ್ಲಿರಬೇಕು. ಬಾಡಿಗೆ ಕಾಲಕಾಲಕ್ಕೆ ಏರಬೇಕು. ಭೂಮಿ ಬಿನ್‌ಶೇತ್ಕಿಯಾದರೆ ಅದರ ತೆರಿಗೆ ಯಾರು ಕಟ್ಟಬೇಕೆಂಬುದೂ ಇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಯಂತ್ರದ ಆಯುಷ್ಯ ಮುಗಿದ ಮೇಲೆ ಅದನ್ನು ಇಳಿಸುವವರು ಯಾರು? ನೆಲದೊಳಗೆ ಹೂತ ನೂರಾರು ಟನ್ನಿನ ಕಾಂಕ್ರೀಟ್ ಬುನಾದಿಯನ್ನು ತೆಗೆಯುವವರು ಯಾರು? ಅಷ್ಟರಲ್ಲಿ ಕಂಪನಿ ಎರಡು ಮೂರು ಕೈ ಬದಲಾಗಿರಬಹುದು. ಅದಕ್ಕಾಗಿ ಮೊದಲೇ ಬ್ಯಾಂಕಿನಲ್ಲಿ ಠೇವಣಿ ಅಥವಾ ಖಾತರಿ ಇಡಿಸಿಕೊಳ್ಳದೆ ಸಹಿ ಹಾಕಬಾರದೆಂಬುದು ನಮ್ಮ ಅಭಿಪ್ರಾಯ.

ಯಂತ್ರಕ್ಕೆ ಜಾಗ ಕೊಟ್ಟವನಿಗೆ ಬಾಡಿಗೆಯಾದರೂ ಉಂಟು. ಅದರ ವಿದ್ಯುತ್ತನ್ನು ಸಾಗಿಸುವ ಗೋಪುರ ಬಂದು ನಿಂತ ಹೊಲದವನಿಗೆ ಅದೂ ಇಲ್ಲ. ಇಲ್ಲಿ ಭೂಮಿಯ ಒಡೆತನ ಬದಲಾಗುವುದಿಲ್ಲ, ಬಳಕೆಯ ಹಕ್ಕು ಮಾತ್ರ ಹೋಗುತ್ತದೆ. ಹಾನಿಗೆ ಪರಿಹಾರವೆಂಬುದು ಹಳೆಯ ಕಾನೂನಿನ ಕ್ರಮ. 2015ರ ಕೇಂದ್ರದ ಮಾರ್ಗಸೂಚಿಯಲ್ಲಿ ಗೋಪುರದ ಬುಡಕ್ಕೆ ಭೂಮಿಯ ಬೆಲೆಯ ಶೇಕಡಾ 85ರಷ್ಟು ಕೊಡಬೇಕೆಂದಿತ್ತು. 2024ರ ಜೂನ್‌ನಲ್ಲಿ ಅದನ್ನು ಶೇಕಡಾ 200ಕ್ಕೆ, ತಂತಿಯ ಕೆಳಗಿನ ಪಟ್ಟಿಗೆ ಶೇಕಡಾ 30ಕ್ಕೆ ಏರಿಸಲಾಯಿತು. ತಂತಿ ಎಳೆಯಲು ಬಂದವರನ್ನು, ನಿಮಗೆ ಸರಕಾರ ಕೊಟ್ಟ ಅಧಿಕಾರದ ಆದೇಶ ಎಲ್ಲಿ ಎಂದು ಮೊದಲು ಕೇಳಬೇಕು. ಅಂಥ ಆದೇಶವಿಲ್ಲದ ಖಾಸಗಿಯವರು ಒಡೆಯನ ಒಪ್ಪಿಗೆಯನ್ನಾಗಲಿ ಜಿಲ್ಲಾ ದಂಡಾಧಿಕಾರಿಗಳ ಅನುಮತಿಯನ್ನಾಗಲಿ ಪಡೆಯದೆ ಹೊಲದೊಳಗೆ ಕಾಲಿಡುವಂತಿಲ್ಲ.

ತೀರಿಹೋದವರ ಹೆಸರಿನಲ್ಲಿರುವ ಪಹಣಿಯನ್ನು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳುವ ಬಗೆಯನ್ನು ತಿಳಿಸಬೇಕೆಂದು ಓದುಗರು ಕೆಲವರು ಪತ್ರ ಬರೆದಿದ್ದಾರೆ. ಅದಕ್ಕೆ ಬೇಕಾದ ಕಾಗದಗಳ ವಿವರವನ್ನು ಬರುವ ಸಂಚಿಕೆಯಲ್ಲಿ ಕೊಡುತ್ತೇವೆ. ಅಷ್ಟರೊಳಗೆ ಮನೆಯ ಹಿರಿಯರ ಮರಣಪತ್ರ ಮತ್ತು ವಂಶಾವಳಿಯನ್ನು ಹುಡುಕಿ ತೆಗೆದಿರಿಸಿಕೊಳ್ಳಿರಿ.