ಆ ಸೀಜನ್‌ನಾಗ ಹುಡುಗಿಯರು ಆಡ್ತಾರ, ನಮ್ಮೂರಾಗ ಯಾಕಿಲ್ಲ?

ದೇವದುರ್ಗ, ಮಾನ್ವಿ ಕಡೆ ಸೀಜನ್ ಅಂದರೆ ಹತ್ತಿ ಬಿಡಿಸುವ ಸೀಜನ್, ಮೆಣಸಿನಕಾಯಿ ಸೀಜನ್. ಮೊಬೈಲ್ ಹಿಡಿದ ಮಕ್ಕಳಿಗೆ ಆ ಪದಕ್ಕೆ ಇನ್ನೊಂದು ಅರ್ಥವೂ ಗೊತ್ತು. ನಾವಿಲ್ಲಿ ಬರೆಯುತ್ತಿರುವುದು ಆ ಎರಡನೇ ಅರ್ಥದ ಬಗ್ಗೆ. ಆದರೆ ಕೊನೆಗೆ ಹತ್ತಿ ಹೊಲಕ್ಕೇ ಬರುತ್ತೇವೆ, ಓದುಗರು ಸ್ವಲ್ಪ ತಾಳ್ಮೆಯಿಂದ ಓದಬೇಕು.

ಜಪಾನಿನ ಬೇಸ್‌ಬಾಲ್ ಅನಿಮೆ 'ಮೇಜರ್ ಸೆಕೆಂಡ್'ನ ಎರಡನೇ ಸೀಜನ್ ನೋಡಿ ಮುಗಿಸಿದೆವು. ಈ ಮಾತು ಹೇಳಿದರೆ ರಾಯಚೂರಿನ ಚಹಾದಂಗಡಿಯಲ್ಲಿ ಗೆಳೆಯರು ನಗುತ್ತಾರೆ. "ಮೂವತ್ತು ದಾಟ್ಯಾವ, ಇನ್ನಾ ಕಾರ್ಟೂನ್ ನೋಡ್ತೀರೇನ್ರಿ?" ನಗಲಿ. ಸಂಜೆ ಏಳರಿಂದ ಹತ್ತರವರೆಗೆ ಅತ್ತೆ ಸೊಸೆಗೆ ವಿಷ ಹಾಕುವುದನ್ನು ಕಣ್ಣು ಮಿಟುಕಿಸದೆ ನೋಡುವವರು, ಮಕ್ಕಳು ಬೆವರು ಸುರಿಸಿ ಆಡುವ ಕಥೆಗೆ ನಗಬಾರದು.

ಮೊದಲು ಕಥೆ ಕೇಳಿ. ಮಿತ್ಸುದಾ ತಕುಯಾ ಅವರ 'ಮೇಜರ್' ಚಿತ್ರಕಥೆ 1994ರಲ್ಲಿ ಶುರುವಾಯಿತು. 2004ರಿಂದ 2010ರವರೆಗೆ ಟಿವಿಯಲ್ಲಿ ಆರು ಸೀಜನ್ ಬಂತು. ಗೊರೊ ಎಂಬ ಹುಡುಗನ ಅಪ್ಪ ಆಟಗಾರ. ತಲೆಗೆ ಚೆಂಡು ಬಿದ್ದು ಸಾಯುತ್ತಾನೆ. ಮಗ ಬಲಗೈ ಭುಜ ಕೆಡಿಸಿಕೊಂಡು, ಎಡಗೈಯಲ್ಲಿ ಎಸೆಯಲು ಕಲಿತು ಮೇಲೆ ಬರುತ್ತಾನೆ. 2018ರಲ್ಲಿ ಬಂದ 'ಮೇಜರ್ ಸೆಕೆಂಡ್' ಅವನ ಮಗ ದೈಗೊನ ಕಥೆ. ಅಪ್ಪನ ಹೆಸರು ದೊಡ್ಡದು, ಮಗನ ತೋಳಿನಲ್ಲಿ ಬಲ ಕಡಿಮೆ. ಎಲ್ಲರೂ ಹೋಲಿಸುತ್ತಾರೆಂದು ಆಟವನ್ನೇ ಬಿಟ್ಟ ಹುಡುಗ ಮತ್ತೆ ಮೈದಾನಕ್ಕೆ ಬರುತ್ತಾನೆ. ಮೊದಲ ಸೀಜನ್ ಚೆನ್ನಾಗಿಯೇ ಇತ್ತು. ಆದರೆ ಇಪ್ಪತ್ತೈದು ಕಂತೂ ಅಪ್ಪನ ನೆರಳಿನಲ್ಲೇ ಓಡಿತು. ಯಾರ ಮಗ ಅನ್ನುವುದೇ ಮುಖ್ಯ, ಯಾರು ಆಡಿದರು ಅನ್ನುವುದು ಆಮೇಲೆ.

2020ರ ಎರಡನೇ ಸೀಜನ್ ಈ ತಪ್ಪು ತಿದ್ದಿಕೊಂಡಿತು. ದೈಗೊ ಈಗ ಮಾಧ್ಯಮಿಕ ಶಾಲೆಯ ತಂಡದ ನಾಯಕ. ತಂಡದಲ್ಲಿ ಹೆಚ್ಚಿನವರು ಹುಡುಗಿಯರು. ಬೇರೆ ಶಾಲೆಯ ಹುಡುಗರ ವಿರುದ್ಧ, ಅದೇ ಮೈದಾನದಲ್ಲಿ, ಅದೇ ನಿಯಮದಲ್ಲಿ ಆಡಬೇಕು. ಮೊದಲ ಸೀಜನ್‌ನಲ್ಲಿ ಹೊಸದಾಗಿ ಆಟ ಕಲಿತ ಮುತ್ಸುಕೊ ಇಲ್ಲಿ ಚೆಂಡು ಎಸೆಯುವವಳು. ಹುಡುಗಿಯರು ಇಲ್ಲಿ ಚಪ್ಪಾಳೆ ತಟ್ಟಲು ನಿಂತವರಲ್ಲ. ಒಬ್ಬೊಬ್ಬರಿಗೂ ಒಂದು ಜಾಗ, ಒಂದು ಬಲ, ಒಂದು ಭಯ ಇದೆ. ಹುಡುಗರ ಮೈಕಟ್ಟು ಬೆಳೆದಂತೆ ತಮ್ಮ ಓಟ, ಎಸೆತ ಸಾಲುತ್ತದೋ ಇಲ್ಲವೋ ಎಂಬ ಪ್ರಶ್ನೆಯನ್ನೂ ಕಥೆ ಮುಚ್ಚಿಡುವುದಿಲ್ಲ.

ದೈಗೊ ಕ್ಯಾಚರ್. ನಮ್ಮ ವಿಕೆಟ್ ಕೀಪರ್ ಜಾಗ ಅಂದುಕೊಳ್ಳಿ. ಆದರೆ ಯಾವ ಚೆಂಡು ಹಾಕಬೇಕೆಂದು ಬೆರಳ ಸನ್ನೆ ಮಾಡುವವನು ಅವನೇ. ತೋಳಿನ ಬಲ ಕಡಿಮೆ ಇದ್ದವನು ಉಳಿದ ಎಂಟು ಜನರ ಬಲವನ್ನು ಲೆಕ್ಕ ಹಾಕಿ ಆಡಿಸುತ್ತಾನೆ. ಎರಡನೇ ಸೀಜನ್ ಗೆದ್ದದ್ದು ಇಲ್ಲೇ. ಕೊರತೆಯೂ ಇದೆ. ಕೆಲವು ಕಂತಿನಲ್ಲಿ ಒಂದು ಚೆಂಡು ಕೈಬಿಟ್ಟು ಬ್ಯಾಟಿಗೆ ಮುಟ್ಟುವಷ್ಟರಲ್ಲಿ ನಾವು ಒಂದು ಕಪ್ ಚಹಾ ಮುಗಿಸಬಹುದು. ಕಥೆಯೂ ಪೂರ್ತಿ ಮುಗಿಯುವುದಿಲ್ಲ. ಆದರೂ ಮೊದಲಿನದಕ್ಕಿಂತ ಇದೇ ಮೇಲು ಅನ್ನಲು ನಮಗೆ ಅಳುಕಿಲ್ಲ.

ಇನ್ನು ಜಗಳಕ್ಕೆ ಬರೋಣ. ಇದನ್ನು ನಾವು ನೋಡಿದ್ದು ಪರದೆಯ ಕೆಳಗಿನ ಇಂಗ್ಲಿಷ್ ಅಕ್ಷರ ಓದಿಕೊಂಡು. ಮಾನ್ವಿಯ ಏಳನೇ ತರಗತಿ ಹುಡುಗಿ ಹಾಗೆ ಓದಲಾರಳು, ಓದಬೇಕೆಂದೂ ಇಲ್ಲ. 2025ರ ಸೆಪ್ಟೆಂಬರ್‌ನಲ್ಲಿ 'ಡೀಮನ್ ಸ್ಲೇಯರ್' ಸಿನಿಮಾ ಭಾರತದ ಚಿತ್ರಮಂದಿರಗಳಿಗೆ ಬಂದಾಗ ಹಿಂದಿ, ತಮಿಳು, ತೆಲುಗು ಮಾತಾಡಿತು. ಕನ್ನಡ ಮಾತಾಡಲಿಲ್ಲ. ನಮ್ಮದು ಗಡಿ ಜಿಲ್ಲೆ. ಮಕ್ಕಳಿಗೆ ತೆಲುಗೂ ಬರುತ್ತದೆ, ಹಿಂದಿಯೂ ಬರುತ್ತದೆ. ಅವರು ಅತ್ತ ಹೋಗುತ್ತಾರೆ. ಆಮೇಲೆ ನವೆಂಬರ್ ಒಂದಕ್ಕೆ ವೇದಿಕೆ ಹತ್ತಿ "ಮಕ್ಕಳು ಕನ್ನಡ ಮರೆತರು" ಅಂತ ಅತ್ತರೆ ಏನು ಬಂತು?

ಡಬ್ಬಿಂಗ್ ಬಂದರೆ ಕನ್ನಡ ಹಾಳಾಗುತ್ತದೆ ಎಂದವರು ದಶಕಗಳ ಕಾಲ ಬಾಗಿಲು ಹಾಕಿಟ್ಟರು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅದು ತಪ್ಪೆಂದು ಹೇಳಿ ಚಿತ್ರೋದ್ಯಮದ ಸಂಘಟನೆಗಳಿಗೆ ದಂಡ ಹಾಕಿತು. 2017ರಲ್ಲಿ 'ಸತ್ಯದೇವ್ ಐಪಿಎಸ್' ತೆರೆಗೆ ಬಂತು. 2020ರ ಲಾಕ್‌ಡೌನ್‌ನಲ್ಲಿ 'ಮಹಾಭಾರತ' ಧಾರಾವಾಹಿ ಕನ್ನಡದಲ್ಲೇ ಬಂದಾಗ ಮನೆಮಂದಿಯೆಲ್ಲ ಕೂತು ನೋಡಿದರು. ಕನ್ನಡ ಹಾಳಾಯಿತೇ? ಅದಕ್ಕೂ ಮೊದಲು, 2009ರಲ್ಲೇ, ಚಿಂಟು ಟಿವಿಯಲ್ಲಿ ಕಾರ್ಟೂನುಗಳು ಕನ್ನಡ ಮಾತಾಡಿದ್ದವು. ಆಗ ಚಿಕ್ಕವರಾಗಿದ್ದವರು ಇವತ್ತು ಕನ್ನಡದಲ್ಲೇ ರೀಲ್ಸ್ ಮಾಡುತ್ತಿದ್ದಾರೆ.

ಕಲಾವಿದರ ಹೊಟ್ಟೆಗೆ ಹೊಡೆತ ಎಂಬ ಮಾತನ್ನು ನಾವು ಹಗುರವಾಗಿ ತಳ್ಳುವುದಿಲ್ಲ. ಆದರೆ ಕನ್ನಡದಲ್ಲಿ ಬೇಸ್‌ಬಾಲ್ ಕಾರ್ಟೂನ್ ಯಾರೂ ಮಾಡಿಲ್ಲ. ಯಾರ ಅನ್ನ ಕಸಿದಂತಾಯಿತು? ಧ್ವನಿ ಕೊಡುವವರಿಗೆ, ಮಾತು ಬರೆಯುವವರಿಗೆ ಕೆಲಸ ಸಿಗುತ್ತದೆ. ಬಾಗಿಲು ತೆರೆದ ಮೇಲೂ ಕಂಪನಿಗಳು ಕನ್ನಡ ಕೊಡುತ್ತಿಲ್ಲ ಎಂದರೆ, ಕೇಳುವವರಿಲ್ಲ ಎಂದು ಅವರು ತಿಳಿದಿದ್ದಾರೆ. ಕೇಳದೆ ಇರುವುದು ನಮ್ಮ ತಪ್ಪು.

"ಬೇಸ್‌ಬಾಲ್ ನಮ್ಮ ಆಟ ಅಲ್ಲ" ಎನ್ನುವವರೂ ಇದ್ದಾರೆ. ಹಿಂದೆ ಹೀಗೆಯೇ ಯೋಚಿಸಿದರು. 'ಕ್ಯೋಜಿನ್ ನೊ ಹೋಶಿ' ಎಂಬ ಹಳೆಯ ಬೇಸ್‌ಬಾಲ್ ಕಥೆಯನ್ನು ಮುಂಬೈನ ಕ್ರಿಕೆಟ್ ಹುಡುಗನ ಕಥೆಯಾಗಿ ಬದಲಿಸಿ, 2012ರ ಕೊನೆಗೆ 'ಸೂರಜ್: ದ ರೈಸಿಂಗ್ ಸ್ಟಾರ್' ಎಂದು ಹಿಂದಿಯಲ್ಲಿ ತಂದರು. ಅಷ್ಟು ಕಷ್ಟ ಬೇಕಿಲ್ಲ. ಚಿನ್ನಿದಾಂಡು ಆಡಿದವನಿಗೆ, ಲಗೋರಿಯಲ್ಲಿ ಚೆಂಡು ಬೆನ್ನಿಗೆ ಬೀಳುವ ಮೊದಲು ಓಡಿದವಳಿಗೆ, ಬೇಸ್‌ಬಾಲ್ ಅರ್ಥವಾಗಲು ಎರಡು ಕಂತು ಸಾಕು.

ಆದರೆ ಅರ್ಥವಾಗಬೇಕಾದದ್ದು ಆಟಕ್ಕಿಂತ ಹೆಚ್ಚಾಗಿ ಹುಡುಗಿಯರ ಜಾಗ. ದೇವದುರ್ಗ ತಾಲೂಕಿನ ಹಳ್ಳಿಗಳಿಗೆ ಸುದ್ದಿಗೆ ಹೋದಾಗ ನಾವು ಮತ್ತೆ ಮತ್ತೆ ನೋಡುವುದು ಒಂದೇ. ಐದನೇ ತರಗತಿವರೆಗೆ ಹುಡುಗಿ ಹುಡುಗರ ಜೊತೆ ಓಡುತ್ತಾಳೆ. ಎಂಟನೇ ತರಗತಿಗೆ ಬರುವಷ್ಟರಲ್ಲಿ ಗೋಡೆಗೆ ಒರಗಿ ನಿಂತಿರುತ್ತಾಳೆ. ಹತ್ತಿ ಬಿಡಿಸುವ ಸೀಜನ್ ಬಂದರೆ ಗೋಡೆ ಹತ್ತಿರವೂ ಇರುವುದಿಲ್ಲ. ಆಟದ ಪಿರಿಯಡ್ ಅಂದರೆ ಹುಡುಗರಿಗೆ ಕ್ರಿಕೆಟ್, ಹುಡುಗಿಯರಿಗೆ ಅಂಗಳ ಗುಡಿಸುವುದು. ಇದಕ್ಕೆ ಯಾರ ಆದೇಶವೂ ಇಲ್ಲ, ರೂಢಿ ಅಷ್ಟೇ.

ಜಪಾನ್ ಸ್ವರ್ಗ ಅಂತ ನಾವು ಹೇಳುತ್ತಿಲ್ಲ. ಅಲ್ಲಿನ ಹೈಸ್ಕೂಲ್ ಹುಡುಗರ ದೊಡ್ಡ ಪಂದ್ಯಾವಳಿಯಲ್ಲಿ ಹುಡುಗಿಯರಿಗೆ ಇಂದಿಗೂ ಜಾಗವಿಲ್ಲ. ಆ ಹೆಸರಾಂತ ಕೊಶಿಯೆನ್ ಮೈದಾನದಲ್ಲಿ ಹುಡುಗಿಯರ ಫೈನಲ್ ಮೊದಲ ಸಲ ನಡೆದದ್ದು 2021ರಲ್ಲಿ. ಅಂಥ ದೇಶದಲ್ಲಿ ಹುಡುಗಿಯರ ತಂಡದ ಕಥೆ ಮಕ್ಕಳ ಮುಂದೆ ಬಂತು ಎಂಬುದೇ ದೊಡ್ಡದು. ನಮ್ಮಲ್ಲೂ ಉದಾಹರಣೆಗೆ ಬರವಿಲ್ಲ. ವಿಜಯಪುರದ ರಾಜೇಶ್ವರಿ ಗಾಯಕವಾಡ್ 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ 5 ವಿಕೆಟ್ ಕಿತ್ತರು. 2025ರ ನವೆಂಬರ್‌ನಲ್ಲಿ ನಮ್ಮ ಮಹಿಳೆಯರ ತಂಡ ವಿಶ್ವಕಪ್ಪನ್ನೇ ಗೆದ್ದಿತು. ಆವತ್ತು ಪಟಾಕಿ ಹೊಡೆದ ಊರುಗಳಲ್ಲಿ ಎಷ್ಟು ಶಾಲೆ ಮರುದಿನ ಹುಡುಗಿಯರ ಕೈಗೆ ಬ್ಯಾಟ್ ಕೊಟ್ಟವು?

ನಮ್ಮ ಮಾತು ಎರಡೇ. ಅನಿಮೆ ನೋಡುವ ಹುಡುಗರೇ, ಕಂಪನಿಗಳಿಗೆ ಬರೆಯಿರಿ, ಕನ್ನಡ ಧ್ವನಿ ಕೇಳಿರಿ. ಕನ್ನಡ ಇದ್ದಲ್ಲಿ ಕನ್ನಡವನ್ನೇ ಒತ್ತಿರಿ. ಎಸ್‌ಡಿಎಂಸಿ ಸದಸ್ಯರೇ, ಮುಂದಿನ ಸಭೆಯಲ್ಲಿ ಒಂದೇ ಪ್ರಶ್ನೆ ಕೇಳಿರಿ: ವಾರದಲ್ಲಿ ಎಷ್ಟು ತಾಸು ಮೈದಾನ ಹುಡುಗಿಯರ ಕೈಯಲ್ಲಿದೆ? ಉತ್ತರ ಬರದಿದ್ದರೆ ನಮಗೆ ತಿಳಿಸಿ, ನಾವು ಬಂದು ಬರೆಯುತ್ತೇವೆ.

ಒಂದು ಕಾರ್ಟೂನಿಗೆ ತನ್ನ ಮೊದಲ ಸೀಜನ್‌ನ ತಪ್ಪು ತಿದ್ದಿಕೊಳ್ಳಲು ಎರಡು ವರ್ಷ ಸಾಕಾಯಿತು. ನಮಗೆ ಎಷ್ಟು ಸೀಜನ್ ಬೇಕು?